ಮಾರ್ಟಿನ್ ಆನ್‌ಸ್ಲೋ ಫಾರ್ಸ್ಟರ್

ಸರ್ ಮಾರ್ಟಿನ್ ಆನ್‌ಸ್ಲೋ ಫಾರ್ಸ್ಟರ್ (1872–1945) ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ. ಕರ್ಪೂರದ ಸಂಯುಕ್ತಗಳನ್ನು ಕುರಿತ ಸಂಶೋಧನೆಗೆ ಹೆಸರಾದ ಇವರು 1922ರಿಂದ 1933ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ಅಧ್ಯಾಪನದಿಂದ ಬಣ್ಣದ ಕೈಗಾರಿಕೆಗೆ ಹೋಗಿ, ಅಲ್ಲಿಂದ ಮತ್ತೆ ಶಿಕ್ಷಣ ಕ್ಷೇತ್ರಕ್ಕೆ ಮರಳಿದವರು ಇವರು.

ವ್ಯಾಸಂಗ ಮತ್ತು ಸಂಶೋಧನೆ

ಫಾರ್ಸ್ಟರ್ ಲಂಡನ್ನಿನಲ್ಲಿ ಜನಿಸಿದರು. ಫಿನ್ಸ್‌ಬರಿ ಟೆಕ್ನಿಕಲ್ ಕಾಲೇಜಿನಲ್ಲಿ ಓದಿ, ಜರ್ಮನಿಯ ವೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಬಳಿಕ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಅಧ್ಯಾಪಕರಾಗಿ ಅನೇಕ ವರ್ಷ ಸೇವೆ ಸಲ್ಲಿಸಿದರು. ಕರ್ಪೂರದಿಂದ ದೊರೆಯುವ ಸಂಯುಕ್ತಗಳು ಹಾಗೂ ಮೂರು ನೈಟ್ರೋಜನ್ ಪರಮಾಣುಗಳ ಗುಂಪನ್ನು ಹೊಂದಿರುವ ಅಜೈಡುಗಳು ಇವರ ಅಧ್ಯಯನದ ಮುಖ್ಯ ವಿಷಯಗಳಾಗಿದ್ದವು. ಆಕ್ಸೀಮ್‌ಗಳಿಂದ ಡೈಅಜೋಕೀಟೋನ್‌ಗಳನ್ನು ತಯಾರಿಸುವ ಕ್ರಿಯೆಗೆ ಇಂದಿಗೂ ಇವರ ಹೆಸರೇ ಇದೆ. 1905ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. 1915ರಲ್ಲಿ ಕೆಮಿಕಲ್ ಸೊಸೈಟಿಯ ಲಾಂಗ್‌ಸ್ಟಾಫ್ ಪದಕ ಪಡೆದರು.

ಕೈಗಾರಿಕೆಯಲ್ಲಿ

ಕೃತಕ ಬಣ್ಣವನ್ನು 1856ರಲ್ಲಿ ಮೊದಲು ಕಂಡುಹಿಡಿದದ್ದು ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್. ಆದರೂ ಮೊದಲನೆಯ ಮಹಾಯುದ್ಧ ಆರಂಭವಾಗುವ ಹೊತ್ತಿಗೆ ಬ್ರಿಟನ್ ತನಗೆ ಬೇಕಾದ ಬಣ್ಣದ ಬಹುಭಾಗವನ್ನು ಜರ್ಮನಿಯಿಂದಲೇ ತರಿಸಿಕೊಳ್ಳುತ್ತಿತ್ತು. 1914ರಲ್ಲಿ ಯುದ್ಧದಿಂದಾಗಿ ಆ ಪೂರೈಕೆ ನಿಂತಾಗ ಬಟ್ಟೆ ಗಿರಣಿಗಳು ಸಂಕಷ್ಟಕ್ಕೆ ಸಿಲುಕಿದವು. ಸರ್ಕಾರದ ನೆರವಿನಿಂದ 1915ರಲ್ಲಿ ಬ್ರಿಟಿಷ್ ಡೈಸ್ ಲಿಮಿಟೆಡ್ ಎಂಬ ಕಂಪನಿ ಸ್ಥಾಪನೆಯಾಯಿತು. ಫಾರ್ಸ್ಟರ್ 1916ರಿಂದ 1918ರವರೆಗೆ ಅದರ ನಿರ್ದೇಶಕರಲ್ಲಿ ಒಬ್ಬರಾಗಿದ್ದರು.

1918ರಲ್ಲಿ ಇವರು ಲಂಡನ್ನಿನ ಸಾಲ್ಟರ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಸ್ಟ್ರಿಯಲ್ ಕೆಮಿಸ್ಟ್ರಿಯ ಮೊದಲ ನಿರ್ದೇಶಕರಾದರು. ಯುದ್ಧದಿಂದ ಓದು ಅರ್ಧಕ್ಕೆ ನಿಂತ ಯುವಕರಿಗೆ ನೆರವಾಗುವುದು ಮತ್ತು ಕೈಗಾರಿಕೆಗೆ ತಕ್ಕ ರಸಾಯನಶಾಸ್ತ್ರಜ್ಞರನ್ನು ಸಿದ್ಧಪಡಿಸುವುದು ಅದರ ಉದ್ದೇಶವಾಗಿತ್ತು. ಹೀಗೆ ಕೈಗಾರಿಕೆಯಿಂದ ಹೊರಬಂದ ಫಾರ್ಸ್ಟರ್, ಕೈಗಾರಿಕೆಗೆ ಬೇಕಾದ ಜನರನ್ನು ರೂಪಿಸುವ ಕೆಲಸದ ಮೂಲಕ ಶಿಕ್ಷಣ ಕ್ಷೇತ್ರಕ್ಕೆ ಮರಳಿದರು.

ಬೆಂಗಳೂರಿನಲ್ಲಿ

1922ರಲ್ಲಿ ಫಾರ್ಸ್ಟರ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಯುದ್ಧವು ಮೈಸೂರು ಸಂಸ್ಥಾನಕ್ಕೂ ಇಂತಹುದೇ ಪಾಠ ಕಲಿಸಿತ್ತು. ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧದ ಕಟ್ಟಿಗೆಗೆ ಮಾರುಕಟ್ಟೆ ಇಲ್ಲದಂತಾದಾಗ, ಇದೇ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರ ನೆರವಿನಿಂದ 1916ರಲ್ಲಿ ಗಂಧದೆಣ್ಣೆಯ ತಯಾರಿಕೆ ಇಲ್ಲಿಯೇ ಆರಂಭವಾಗಿತ್ತು. ಜೆಮ್‌ಷೆಟ್‌ಜಿ ಟಾಟಾ ಅವರ ಕನಸಿನ ಈ ಸಂಸ್ಥೆ ಶುದ್ಧ ವಿಜ್ಞಾನಕ್ಕೋ ಕೈಗಾರಿಕೆಗೋ ಎಂಬುದು ಅದರ ಆರಂಭದಿಂದಲೂ ಚರ್ಚೆಯಲ್ಲಿದ್ದ ಪ್ರಶ್ನೆ. ಎರಡೂ ಕ್ಷೇತ್ರಗಳಲ್ಲಿ ದುಡಿದಿದ್ದ ಫಾರ್ಸ್ಟರ್ ಹನ್ನೊಂದು ವರ್ಷ ಅದರ ಹೊಣೆ ಹೊತ್ತರು. ಸಸ್ಯತೈಲಗಳ ರಸಾಯನಶಾಸ್ತ್ರದಲ್ಲಿ ಪರಿಣತರಾದ ಜಾನ್ ಲಯನೆಲ್ ಸೈಮನ್ಸನ್ ಇವರ ಅವಧಿಯಲ್ಲಿ ಇಲ್ಲಿ ಪ್ರಾಧ್ಯಾಪಕರಾಗಿದ್ದರು. 1925ರಲ್ಲಿ ಕಾಶಿಯಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧಿವೇಶನಕ್ಕೆ ಫಾರ್ಸ್ಟರ್ ಅಧ್ಯಕ್ಷರಾಗಿದ್ದರು.

ಕೊನೆಯ ವರ್ಷಗಳು

1933ರಲ್ಲಿ ಇವರಿಗೆ ಸರ್ ಪದವಿ ದೊರೆಯಿತು. ಅದೇ ವರ್ಷ ನಿವೃತ್ತರಾದರು. ಇವರ ನಂತರ ಸಿ. ವಿ. ರಾಮನ್ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಫಾರ್ಸ್ಟರ್ ಇಂಗ್ಲೆಂಡಿಗೆ ಹಿಂದಿರುಗದೆ ಮೈಸೂರಿನಲ್ಲಿಯೇ ನೆಲೆಸಿದರು. 1945ರಲ್ಲಿ ಅಲ್ಲಿಯೇ ನಿಧನರಾದರು.