ದನಿ ಎರಡು ಸಲ ಕೈಕೊಟ್ಟ ಸವಾಯಿ ಗಂಧರ್ವ

ನಮ್ಮ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಮನುಷ್ಯನನ್ನು ಅಳೆಯೋದು ಮಾತಿನಿಂದ. ಸಂತೆಯಲ್ಲಿ, ಗುಡಿ ಕಟ್ಟೆಯ ಮೇಲೆ, ಲಗ್ನದ ಮಾತುಕತೆಯಲ್ಲಿ ದನಿ ಎತ್ತಿ ಮಾತಾಡುವವರಿಗೇ ಮಣೆ. ಇಂಥ ಸೀಮೆಯಲ್ಲಿ ಪಾರ್ಕಿನ್ಸನ್ ಬಂದು ಮಾತು ತೊದಲತೊಡಗಿದರೆ ಆ ಮನುಷ್ಯ ನಿಧಾನಕ್ಕೆ ಮೂಲೆ ಸೇರುತ್ತಾನೆ. ಕೈ ನಡುಗಿದರೆ ಜನ ಕಾಳಜಿಯಿಂದ ವಿಚಾರಿಸ್ತಾರೆ. ಮಾತು ತಡವಾದರೆ ಮಾತ್ರ ಅವನ ವಾಕ್ಯವನ್ನು ತಾವೇ ಮುಗಿಸಿ ಮುಂದೆ ಹೋಗ್ತಾರೆ.

ಇದನ್ನು ಯೋಚಿಸುವಾಗ ನನಗೆ ಶಿಗ್ಗಾವಿಯ ಪಕ್ಕದ ಕುಂದಗೋಳದ ರಾಮಭಾವು ಕುಂದಗೋಳಕರ್ ನೆನಪಾಗುತ್ತಾರೆ. ಸವಾಯಿ ಗಂಧರ್ವ ಅಂದರೆ ಎಲ್ಲರಿಗೂ ಗೊತ್ತು. ಅವರಿಗೆ ಬಂದ ಕಾಯಿಲೆ ಬೇರೆ. ಆದರೆ ದನಿಯನ್ನೇ ನಂಬಿ ಬದುಕಿದವರಿಗೆ ದನಿ ಕೈಕೊಟ್ಟಾಗ ಏನಾಗುತ್ತದೆ ಎಂಬುದನ್ನು ಅವರಷ್ಟು ಕಂಡವರು ನಮ್ಮ ಕಡೆ ಕಡಿಮೆ.

ಅವರು ಹುಟ್ಟಿದ್ದು 1886ರಲ್ಲಿ. ಹುಡುಗನಾಗಿದ್ದಾಗ ಕಂಠ ಇಂಪಾಗಿತ್ತು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಕುಂದಗೋಳದ ನಾಡಿಗೇರ ವಾಡೆಗೆ ಬರುತ್ತಿದ್ದರು. ಎಂಟು ವರ್ಷ ಬಿಡದೆ ಕಲಿಯಬೇಕು ಎಂಬ ಕರಾರಿನ ಮೇಲೆ ಅವರು ಈ ಹುಡುಗನನ್ನು ಶಿಷ್ಯನಾಗಿ ಒಪ್ಪಿಕೊಂಡರು. ಅಷ್ಟರಲ್ಲಿ ಹರೆಯ ಬಂತು, ದನಿ ಒಡೆಯಿತು. ಮೊದಲಿನ ಇಂಪು ಹೋಗಿ ಕಂಠ ಒರಟಾಯಿತು, ಹೇಳಿದಂತೆ ಬಾಗದಾಯಿತು. ಹಾಡಲು ಹೊರಟ ಹುಡುಗನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು?

ಅವರು ಬಿಡಲಿಲ್ಲ. ಅದೇ ಸ್ವರ, ಅದೇ ಆಕಾರ, ದಿನಗಟ್ಟಲೆ, ತಿಂಗಳುಗಟ್ಟಲೆ. ಒಡೆದ ಕಂಠವನ್ನು ರಿಯಾಜಿನಿಂದಲೇ ಮತ್ತೆ ಕಟ್ಟಿದರು. ಆಮೇಲೆ ಗುರುವಿಗೆ ಇಷ್ಟವಿಲ್ಲದಿದ್ದರೂ ಮರಾಠಿ ನಾಟಕ ಕಂಪನಿ ಸೇರಿದರು. ಒರಟೆನಿಸಿದ ಆ ದನಿಯಲ್ಲೇ ಸ್ತ್ರೀ ಪಾತ್ರ ಮಾಡಿ, ಹಾಡಿ ಹೆಸರಾದರು. ಅಮರಾವತಿಯಲ್ಲಿ ದಾದಾಸಾಹೇಬ ಖಾಪರ್ಡೆ ಅವರಿಗೆ ಸವಾಯಿ ಗಂಧರ್ವ ಎಂಬ ಬಿರುದು ಕೊಟ್ಟರು. ಸವಾಯಿ ಅಂದರೆ ಒಂದೂಕಾಲು. ಆ ಕಾಲಕ್ಕೆ ಬಾಲಗಂಧರ್ವರ ಹೆಸರು ಮುಗಿಲು ಮುಟ್ಟಿತ್ತು. ಇವರು ಗಂಧರ್ವನಿಗಿಂತ ಕಾಲುಪಾಲು ಹೆಚ್ಚು ಅಂತ ಲೆಕ್ಕ!

ಎರಡನೆಯ ಪೆಟ್ಟು ಬಿದ್ದದ್ದು 1942ರಲ್ಲಿ. 56ನೇ ವಯಸ್ಸಿಗೆ ಪಾರ್ಶ್ವವಾಯು ಹೊಡೆದು ಅರ್ಧ ಮೈ ಸ್ವಾಧೀನ ತಪ್ಪಿತು, ಕಛೇರಿಗಳು ನಿಂತವು. ಈ ಸಲ ರಿಯಾಜಿನ ಆಟ ನಡೆಯಲಿಲ್ಲ. ಹತ್ತು ವರ್ಷ ಹಾಗೇ ಕಳೆದು 1952ರಲ್ಲಿ ತೀರಿಕೊಂಡರು.

ಇಲ್ಲಿ ನನ್ನೊಳಗಿನ ಎಂಜಿನಿಯರ್ ಸ್ವಲ್ಪ ಬಾಯಿ ಹಾಕ್ತಾನೆ. ಪಾರ್ಶ್ವವಾಯುವಿನಲ್ಲಿ ಮಿದುಳಿನ ಒಂದು ಭಾಗಕ್ಕೆ ರಕ್ತ ನಿಂತೋ ರಕ್ತಸ್ರಾವವಾಗಿಯೋ ಒಮ್ಮೆಲೇ ಲೈನ್ ಕಟ್ಟಾಗುತ್ತದೆ. ಪಾರ್ಕಿನ್ಸನ್ನಿನಲ್ಲಿ ಡೋಪಮೀನ್ ತಯಾರಿಸುವ ಕೋಶಗಳು ವರ್ಷಗಟ್ಟಲೆ ಮೆಲ್ಲಗೆ ಸಾಯುತ್ತವೆ. ದನಿ ತಗ್ಗುತ್ತದೆ, ಏರಿಳಿತ ಹೋಗುತ್ತದೆ, ಮೊದಲ ಅಕ್ಷರವೇ ಸಿಕ್ಕಿಹಾಕಿಕೊಂಡು ಮರುಕಳಿಸುತ್ತದೆ, ಕೆಲವೊಮ್ಮೆ ಮಾತು ಇಳಿಜಾರಿನಲ್ಲಿ ಓಡಿದಂತೆ ಓಡುತ್ತದೆ. ಇನ್ನೊಂದು ವಿಚಿತ್ರವೂ ಇದೆ. ರೋಗಿಗೆ ತಾನು ಸಾಕಷ್ಟು ಜೋರಾಗಿಯೇ ಮಾತಾಡ್ತಿದ್ದೇನೆ ಅನಿಸುತ್ತದೆ, ಅಂದರೆ ಒಳಗಿನ ಅಳತೆಯ ಮೀಟರೇ ತಪ್ಪು ತೋರಿಸುತ್ತಿರುತ್ತದೆ. ಸವಣೂರಿನಲ್ಲಿರುವ ನನ್ನ ಸೋದರಮಾವನಿಗೆ ಈ ಕಾಯಿಲೆ. ನಮಗೆಲ್ಲ ಕಿವಿ ಮಂದ ಆಗ್ಯಾವ ಅನ್ನೋದು ಅವರ ಖಾಯಂ ದೂರು.

ಹಾಗಾದರೆ ಮೀಟರನ್ನು ಮತ್ತೆ ಹೊಂದಿಸೋದು ಹೇಗೆ? ಅಮೆರಿಕದ ಅರಿಜೋನಾದಲ್ಲಿ 1980ರ ದಶಕದ ಕೊನೆಗೆ ಒಂದು ತರಬೇತಿ ರೂಪುಗೊಂಡಿತು. ವಾರಕ್ಕೆ 4 ದಿನದಂತೆ 4 ವಾರ, ಒಟ್ಟು 16 ಪಾಠ. ಅದರ ಬುನಾದಿ ಅಭ್ಯಾಸ ಏನು ಗೊತ್ತೇ? ಉಸಿರು ತುಂಬಿಕೊಂಡು ದೊಡ್ಡ ದನಿಯಲ್ಲಿ, ಆದಷ್ಟು ಹೊತ್ತು 'ಆ' ಎನ್ನುವುದು. ಕುಂದಗೋಳದ ಹುಡುಗ ಒಡೆದ ಕಂಠ ಕಟ್ಟಿಕೊಂಡ ಆಕಾರ ಸಾಧನೆಗೆ ಇದು ಬಲು ಹತ್ತಿರ. ಅದಕ್ಕೂ ಇದಕ್ಕೂ ನಂಟಿದೆ ಅಂತ ನಾನು ಹೇಳುತ್ತಿಲ್ಲ. ಗಂಟಲಿನ ಸ್ನಾಯುಗಳಿಗೆ ಪ್ರತಿದಿನ ಪಾಠ ಬೇಕು ಅನ್ನೋದಷ್ಟೇ ಎರಡಕ್ಕೂ ಸಮಾನ. ತಜ್ಞರು ಇನ್ನೂ ಕೆಲವು ಉಪಾಯ ಹೇಳುತ್ತಾರೆ: ಚಿಕ್ಕ ವಾಕ್ಯ, ಪ್ರತಿ ಪದಕ್ಕೂ ಬೆರಳಿನಿಂದ ತಾಳ, ನಡುವೆ ಉಸಿರು, ಎದುರಿನವರ ಮುಖ ನೋಡಿ ಮಾತು. ಇದರಿಂದ ರೋಗ ನಿಲ್ಲುವುದಿಲ್ಲ, ಅಭ್ಯಾಸ ಬಿಟ್ಟರೆ ದನಿ ಮತ್ತೆ ಇಳಿಯುತ್ತದೆ.

ಸವಾಯಿ ಗಂಧರ್ವರ ಕತೆಗೆ ಇನ್ನೊಂದು ಕೊಂಡಿ ಇದೆ. 1930ರ ದಶಕದ ಕೊನೆಗೆ ಹುಬ್ಬಳ್ಳಿಯಿಂದ ರೈಲು ಹತ್ತಿ ಅವರ ಬಳಿ ಕಲಿಯಲು ಕುಂದಗೋಳಕ್ಕೆ ಹೋಗುತ್ತಿದ್ದ ಒಬ್ಬ ತರುಣಿ. ಮನೆತನದ ಹೆಸರಲ್ಲೇ ನಮ್ಮ ಹಾನಗಲ್ಲು ಇತ್ತು: ಗಂಗೂಬಾಯಿ ಹಾನಗಲ್. ಅವರ ಮೊದಮೊದಲ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವುದು ಎಳೆಯ, ಎತ್ತರದ ದನಿ. ಟಾನ್ಸಿಲ್ ಚಿಕಿತ್ಸೆಯ ನಂತರ ಅದು ಬದಲಾಗಿ ಗಂಡುದನಿಯಂತೆ ದಪ್ಪವಾಯಿತು. ಕಳೆದುಹೋದ ದನಿಗಾಗಿ ಕಾಯುತ್ತ ಕೂರದೆ, ಇರುವ ದನಿಗೆ ತಕ್ಕಂತೆ ಗಾಯನ ಕಟ್ಟಿಕೊಂಡರು. ಆ ಗಂಭೀರ ಕಂಠವೇ ಅವರ ಗುರುತಾಯಿತು. 90 ದಾಟಿದ ಮೇಲೂ ಹಾಡಿದರು, 2009ರಲ್ಲಿ ಹೋದರು. ಗುರುವಿನಿಂದ ರಾಗ ಮಾತ್ರ ಬಂತೇ, ಒಡೆದ ದನಿಯ ಜೊತೆ ಬಾಳುವ ಗಟ್ಟಿತನವೂ ಬಂತೇ? ನನಗೆ ಎರಡನೆಯದೂ ಬಂತು ಅನಿಸುತ್ತದೆ.

ಗುರುವಿನ ದನಿ ಮುಗಿದ ಮೇಲೂ ಅವರಿಗಾಗಿ ಜನ ಕೂತು ಕೇಳಿದರು. ಶಿಷ್ಯ ಭೀಮಸೇನ ಜೋಶಿ ಮುಂದೆ ನಿಂತು 1953ರಲ್ಲಿ ಪುಣೆಯಲ್ಲಿ ಶುರುಮಾಡಿದ ಉತ್ಸವ ಇಂದಿಗೂ ನಡೆಯುತ್ತಿದೆ. ಕುಂದಗೋಳದ ವಾಡೆಯಲ್ಲೂ ಅವರ ನೆನಪಿನಲ್ಲಿ ಸಂಗೀತ ನಡೆಯುತ್ತದೆ.

ನಮ್ಮ ಮನೆಯ ಹಿರಿಯರಿಗೆ ಅಷ್ಟು ದೊಡ್ಡ ಉತ್ಸವ ಬೇಡ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಹಿರೇಕೆರೂರಿನಿಂದ ಒಂದು ರಾತ್ರಿಯ ಬಸ್ಸಿನ ದಾರಿ. ನಡುಗುವ ಮೈಯಲ್ಲಿ ಎಷ್ಟು ಸಲ ಹೋಗಿ ಬಂದಾರು? ತಾಲೂಕು ಆಸ್ಪತ್ರೆಗೆ ವಾರಕ್ಕೊಮ್ಮೆಯಾದರೂ ವಾಕ್ ತಜ್ಞರು ಬರಬೇಕು ಅಂತ ನಾವು ಕೇಳಬೇಕು. ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದ ಕೆಲಸ ಒಂದಿದೆ. ಟಿವಿ ಬಂದ್ ಮಾಡಿ, ಎದುರು ಕೂತು, ಅವರ ವಾಕ್ಯ ಅವರೇ ಮುಗಿಸುವ ತನಕ ಕಾಯೋದು.