ಗಿಲ್ಬರ್ಟ್ ವಾಕರ್

ಸರ್ ಗಿಲ್ಬರ್ಟ್ ಥಾಮಸ್ ವಾಕರ್ (14 ಜೂನ್ 1868 – 4 ನವೆಂಬರ್ 1958) ಇಂಗ್ಲೆಂಡಿನ ಗಣಿತಜ್ಞ ಮತ್ತು ಹವಾಮಾನ ವಿಜ್ಞಾನಿ. 1904ರಿಂದ 1924ರವರೆಗೆ ಭಾರತದ ವೀಕ್ಷಣಾಲಯಗಳ ಮಹಾನಿರ್ದೇಶಕರಾಗಿದ್ದ ಅವರು, ಮುಂಗಾರು ಮಳೆಯ ಏರುಪೇರಿಗೆ ಕಾರಣ ಹುಡುಕುತ್ತ 'ದಕ್ಷಿಣ ಆಂದೋಲನ'ವನ್ನು ಗುರುತಿಸಿದರು. ಸಂಖ್ಯಾಶಾಸ್ತ್ರದ ಯೂಲ್–ವಾಕರ್ ಸಮೀಕರಣಗಳು ಮತ್ತು ಪೆಸಿಫಿಕ್ ಸಾಗರದ ಮೇಲಿನ ವಾಕರ್ ಪರಿಚಲನೆ ಅವರ ಹೆಸರನ್ನು ಹೊತ್ತಿವೆ.

ಜನನ ಮತ್ತು ಶಿಕ್ಷಣ

ವಾಕರ್ ಲ್ಯಾಂಕಾಷೈರ್‌ನ ರಾಚ್‌ಡೇಲ್‌ನಲ್ಲಿ ಜನಿಸಿದರು. ತಂದೆ ಎಂಜಿನಿಯರ್ ಆಗಿದ್ದರು. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿದ ಬಳಿಕ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿ, 1889ರ ಗಣಿತ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿ 'ಸೀನಿಯರ್ ರ‍್ಯಾಂಗ್ಲರ್' ಎನಿಸಿದರು. ಅತಿಯಾದ ಶ್ರಮದಿಂದ ಆರೋಗ್ಯ ಕೆಟ್ಟು ಕೆಲವು ಚಳಿಗಾಲಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಕಳೆಯಬೇಕಾಯಿತು. 1891ರಲ್ಲಿ ಟ್ರಿನಿಟಿಯ ಫೆಲೋ ಆದರು. ಎಸೆದವನ ಬಳಿಗೇ ಮರಳುವ ಬೂಮರಾಂಗ್‌ನ ಚಲನೆಯನ್ನು ಗಣಿತದಿಂದ ವಿವರಿಸಿದ್ದರಿಂದ ಅವರಿಗೆ 'ಬೂಮರಾಂಗ್ ವಾಕರ್' ಎಂಬ ಅಡ್ಡಹೆಸರು ಬಂದಿತು. ಕೊಳಲಿನ ರಚನೆ ಹಾಗೂ ಹಕ್ಕಿಗಳ ಹಾರಾಟ ಅವರ ಇತರ ಆಸಕ್ತಿಗಳು.

ಭಾರತದಲ್ಲಿ ಸೇವೆ

1876–78ರ ಭೀಕರ ಕ್ಷಾಮವು ಮದ್ರಾಸ್ ಪ್ರಾಂತ್ಯ ಮತ್ತು ಮೈಸೂರು ಸಂಸ್ಥಾನಗಳಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತ್ತು. ಕನ್ನಡ ನಾಡಿನಲ್ಲಿ ಅದು ಧಾತು–ಈಶ್ವರ ಸಂವತ್ಸರಗಳ ಬರವೆಂದು ನೆನಪಿನಲ್ಲಿ ಉಳಿದಿದೆ. ಮಳೆಯನ್ನು ಮೊದಲೇ ತಿಳಿಯಬೇಕೆಂಬ ಒತ್ತಡ ಇದರಿಂದ ಹೆಚ್ಚಿತು. ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್ ಹಿಮಾಲಯದ ಹಿಮರಾಶಿಯನ್ನು ಆಧರಿಸಿ ಮುನ್ಸೂಚನೆ ನೀಡತೊಡಗಿದರು. ಅವರ ಉತ್ತರಾಧಿಕಾರಿ ಜಾನ್ ಎಲಿಯಟ್ ಅವರ ಕಾಲದಲ್ಲಿ, 1899ರಲ್ಲಿ, ಉತ್ತಮ ಮಳೆಯ ನಿರೀಕ್ಷೆ ಹುಸಿಯಾಗಿ ದೇಶ ಮತ್ತೊಂದು ಘೋರ ಕ್ಷಾಮಕ್ಕೆ ತುತ್ತಾಯಿತು.

ಎಲಿಯಟ್ ಅವರ ನಿವೃತ್ತಿಯ ನಂತರ 1904ರಲ್ಲಿ, ಹವಾಮಾನ ಶಾಸ್ತ್ರದಲ್ಲಿ ಅನುಭವವಿಲ್ಲದ ವಾಕರ್ ಆ ಹುದ್ದೆಗೆ ಬಂದರು. ಅದೇ ವರ್ಷ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ವಾತಾವರಣದ ಸಮೀಕರಣಗಳನ್ನು ಬಿಡಿಸಿ ಮುಂಗಾರನ್ನು ಊಹಿಸುವುದು ಆಗ ಅಸಾಧ್ಯವೆಂದು ಅರಿತ ಅವರು ಸಂಖ್ಯಾಶಾಸ್ತ್ರದ ಮೊರೆಹೋದರು. ಜಗತ್ತಿನ ನಾನಾ ಕೇಂದ್ರಗಳ ವಾಯುಒತ್ತಡ, ಉಷ್ಣತೆ ಮತ್ತು ಮಳೆಯ ದಾಖಲೆಗಳನ್ನು ಸಂಗ್ರಹಿಸಿ ಅವುಗಳ ನಡುವಿನ ಸಹಸಂಬಂಧವನ್ನು ಲೆಕ್ಕಹಾಕಿಸಿದರು. ಗಣಕಯಂತ್ರಗಳಿಲ್ಲದ ಆ ಕಾಲದಲ್ಲಿ ಈ ಲೆಕ್ಕಗಳನ್ನು ಕೈಯಿಂದ ಮಾಡಿದವರು ಇಲಾಖೆಯ ಭಾರತೀಯ ಸಿಬ್ಬಂದಿ. ನೂರಾರು ಸಂಬಂಧಗಳನ್ನು ಹುಡುಕಿದಾಗ ಕೆಲವು ಕೇವಲ ಆಕಸ್ಮಿಕವಾಗಿ ಬಲವಾಗಿ ಕಾಣುತ್ತವೆ ಎಂದು ವಾಕರ್ ಎಚ್ಚರಿಸಿ, ಅದನ್ನು ಪರೀಕ್ಷಿಸುವ ಮಾನದಂಡವೊಂದನ್ನು ರೂಪಿಸಿದರು.

ದಕ್ಷಿಣ ಆಂದೋಲನ

ಪೆಸಿಫಿಕ್ ಸಾಗರದ ಮೇಲೆ ವಾಯುಒತ್ತಡ ಹೆಚ್ಚಿರುವಾಗ ಹಿಂದೂ ಮಹಾಸಾಗರದ ಪ್ರದೇಶದಲ್ಲಿ ಅದು ಕಡಿಮೆಯಿರುವುದೂ, ಅಲ್ಲಿ ಇಳಿದಾಗ ಇಲ್ಲಿ ಏರುವುದೂ ಈ ಅಧ್ಯಯನದಿಂದ ತಿಳಿದುಬಂದಿತು. ತಕ್ಕಡಿಯ ಎರಡು ತಟ್ಟೆಗಳಂತಿರುವ ಈ ಏರಿಳಿತಕ್ಕೆ ವಾಕರ್ 1924ರಲ್ಲಿ ದಕ್ಷಿಣ ಆಂದೋಲನವೆಂದು ಹೆಸರಿಟ್ಟರು. ಉತ್ತರ ಅಟ್ಲಾಂಟಿಕ್ ಮತ್ತು ಉತ್ತರ ಪೆಸಿಫಿಕ್ ಸಾಗರಗಳ ಮೇಲೂ ಇಂತಹ ಆಂದೋಲನಗಳಿವೆಯೆಂದು ತೋರಿಸಿದರು. ಆದರೆ ಮುಂಗಾರಿನ ನಂಬಲರ್ಹ ಮುನ್ಸೂಚನೆ ಕೈಗೂಡಲಿಲ್ಲ. ಒಂದು ಕಾಲದಲ್ಲಿ ಬಲವಾಗಿದ್ದ ಸಂಬಂಧಗಳು ಮುಂದಿನ ವರ್ಷಗಳಲ್ಲಿ ದುರ್ಬಲಗೊಂಡವು. ಈ ಏರಿಳಿತದ ಭೌತಿಕ ಕಾರಣವನ್ನು ವಿವರಿಸಲಾಗದ್ದರಿಂದ ಹಲವು ವಿಜ್ಞಾನಿಗಳು ಅದನ್ನು ಸಂಶಯದಿಂದಲೇ ಕಂಡರು.

ರಾಮಾನುಜನ್ ಅವರಿಗೆ ನೆರವು

1913ರ ಫೆಬ್ರವರಿಯಲ್ಲಿ ಮದ್ರಾಸಿಗೆ ಭೇಟಿ ನೀಡಿದ್ದ ವಾಕರ್ ಅವರಿಗೆ, ಬಂದರು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಶ್ರೀನಿವಾಸ ರಾಮಾನುಜನ್ ಅವರ ಗಣಿತ ಬರಹಗಳನ್ನು ತೋರಿಸಲಾಯಿತು. ರಾಮಾನುಜನ್ ಜೀವನೋಪಾಯದ ಚಿಂತೆಯಿಲ್ಲದೆ ಗಣಿತದಲ್ಲಿ ತೊಡಗಲು ನೆರವಾಗಬೇಕೆಂದು ಅವರು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಬಳಿಕ ವಿಶ್ವವಿದ್ಯಾಲಯವು ರಾಮಾನುಜನ್ ಅವರಿಗೆ ತಿಂಗಳಿಗೆ 75 ರೂಪಾಯಿಗಳ ವಿದ್ಯಾರ್ಥಿವೇತನ ಮಂಜೂರು ಮಾಡಿತು.

ನಂತರದ ಜೀವನ

1924ರಲ್ಲಿ ಭಾರತದಿಂದ ನಿವೃತ್ತರಾದ ವಾಕರ್ ಅವರಿಗೆ ನೈಟ್ ಪದವಿ ದೊರೆಯಿತು. ಬಳಿಕ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1934ರವರೆಗೆ ಹವಾಮಾನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ರಾಯಲ್ ಹವಾಮಾನ ಸೊಸೈಟಿಯ ಅಧ್ಯಕ್ಷರೂ ಆಗಿದ್ದ ಅವರು 1934ರಲ್ಲಿ ಅದರ ಸೈಮನ್ಸ್ ಚಿನ್ನದ ಪದಕ ಪಡೆದರು. ಸರ‍್ರೆಯ ಕೌಲ್ಸ್‌ಡನ್‌ನಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ನಿಧನರಾದರು.

ಪರಂಪರೆ

ವಾಕರ್ ಅವರಿಗೆ ದೊರೆಯದ ಕಾರಣ ಅವರ ಮರಣಾನಂತರ ಸ್ಪಷ್ಟವಾಯಿತು. 1960ರ ದಶಕದಲ್ಲಿ ಜೇಕಬ್ ಬ್ಯರ್ಕ್ನೆಸ್, ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊ ವಿದ್ಯಮಾನ ಮತ್ತು ದಕ್ಷಿಣ ಆಂದೋಲನ ಪರಸ್ಪರ ಬೆಸೆದುಕೊಂಡಿವೆಯೆಂದು ತೋರಿಸಿದರು. ಸಮಭಾಜಕದ ಗುಂಟ ಪೂರ್ವ–ಪಶ್ಚಿಮವಾಗಿ ನಡೆಯುವ ಗಾಳಿಯ ಸುತ್ತಾಟಕ್ಕೆ ಅವರೇ 1969ರಲ್ಲಿ ವಾಕರ್ ಪರಿಚಲನೆ ಎಂದು ಹೆಸರಿಟ್ಟರು. ಎಲ್ಲ ಎಲ್ ನಿನೊ ವರ್ಷಗಳೂ ಬರ ತರುವುದಿಲ್ಲವಾದರೂ, ಭಾರತದ ಮುಂಗಾರು ಮುನ್ಸೂಚನೆಯಲ್ಲಿ ಪೆಸಿಫಿಕ್ ಸಾಗರದ ಸ್ಥಿತಿಯನ್ನು ಇಂದಿಗೂ ಮುಖ್ಯವಾಗಿ ಪರಿಗಣಿಸಲಾಗುತ್ತದೆ.