ವೇಂಕಟನಾಥಾಚಾರ್ಯರ ಸಂದಿಗ್ಧಕಾಲ

ಶ್ರಾವಣ ಬಹುಳ ಬಿದಿಗೆಯಂದು ರಾಜಾಜಿನಗರ, ವಿಜಯನಗರಗಳ ಮಠಗಳಲ್ಲಿ ಮಧ್ಯಾರಾಧನೆಗೆ ನೆರೆಯುವ ನಾವು ಶ್ರೀರಾಘವೇಂದ್ರತೀರ್ಥ ಗುರುಸಾರ್ವಭೌಮರ ಮಹಿಮೆಗಳನ್ನೇ ಹೆಚ್ಚಾಗಿ ಕೇಳುತ್ತೇವೆ. ಅವರು ಇನ್ನೂ ವೇಂಕಟನಾಥಾಚಾರ್ಯರಾಗಿದ್ದಾಗ ಅನುಭವಿಸಿದ ಮನಸ್ಸಿನ ತುಮುಲವನ್ನು ಕೇಳುವುದು ವಿರಳ.

ಕುಂಭಕೋಣದಲ್ಲಿ ಶ್ರೀಸುಧೀಂದ್ರತೀರ್ಥರ ಬಳಿ ವ್ಯಾಸಂಗ ಮಾಡಿದ ಆಚಾರ್ಯರು ಗೃಹಸ್ಥರು. ಪತ್ನಿ ಸರಸ್ವತೀಬಾಯಿ, ಬಾಲಕ ಲಕ್ಷ್ಮೀನಾರಾಯಣ. ಮನೆಯಲ್ಲಿ ಕಡುಬಡತನ, ಆದರೂ ಪಾಠ ಹೇಳಿ ಧನವನ್ನು ಕೇಳಿದವರಲ್ಲ. ಪೀಠವನ್ನು ಸ್ವೀಕರಿಸಬೇಕೆಂದು ಗುರುಗಳು ತಿಳಿಸಿದಾಗ ಅವರು ಒಡನೆ ಒಪ್ಪಲಿಲ್ಲ. ಪತ್ನಿ ಎಳೆಯ ವಯಸ್ಸಿನವಳು, ಮಗನಿಗೆ ಉಪನಯನವೂ ಆಗಿಲ್ಲವೆಂದು ವಿನಯದಿಂದಲೇ ನಿರಾಕರಿಸಿದರು. ಗುರುಗಳು ಅಸ್ವಸ್ಥರಾಗಿ ಯಾದವೇಂದ್ರತೀರ್ಥರಿಗೆ ಆಶ್ರಮವಿತ್ತರು; ಚೇತರಿಸಿಕೊಂಡ ಮೇಲೆ ಯಾದವೇಂದ್ರರು ಸಂಚಾರ ಹೊರಟರು. ಪ್ರಶ್ನೆ ಮತ್ತೆ ಆಚಾರ್ಯರ ಮುಂದೆಯೇ ಬಂದು ನಿಂತಿತು.

ವಿದ್ಯಾದೇವಿಯು ಸ್ವಪ್ನದಲ್ಲಿ ದರ್ಶನವಿತ್ತು ಸಂಶಯವನ್ನು ಪರಿಹರಿಸಿದಳೆಂದು ಸಂಪ್ರದಾಯ. ಅನಂತರ ಅವರು ನಡೆದ ಕ್ರಮವೂ ನಮಗೆ ಅಷ್ಟೇ ಮನನೀಯ. ನಿಶ್ಚಯವಾಯಿತೆಂದು ಅವಸರಪಡಲಿಲ್ಲ. ಮೊದಲು ಮಗನ ಉಪನಯನವನ್ನು ಪೂರೈಸಿದರು, ಸಂಸಾರದ ಭಾರವನ್ನು ಅಣ್ಣ ಗುರುರಾಜಾಚಾರ್ಯರಿಗೆ ಒಪ್ಪಿಸಿದರು. 1621ರ ಫಾಲ್ಗುಣ ಶುದ್ಧ ಬಿದಿಗೆಯಂದು ತಂಜಾವೂರಿನಲ್ಲಿ ಕಾಷಾಯ ಧರಿಸಿದರು.

ಆದರೆ ಸರಸ್ವತೀಬಾಯಿಯವರ ಶೋಕಕ್ಕೆ ಸಮಾಧಾನ ದೊರೆಯಲಿಲ್ಲ. ಆಕೆ ಅಕಾಲಮರಣಕ್ಕೆ ಈಡಾದುದನ್ನು ಸಂಪ್ರದಾಯವು ಮರೆಮಾಚಿಲ್ಲ. ಆರಾಧನೆಯ ಸಂಭ್ರಮದಲ್ಲಿ ನಾವೂ ಮರೆಯಲಾಗದು. ಯತಿಗಳಾದ ಗುರುಗಳು ಅಭಿಮಂತ್ರಿತ ಜಲವನ್ನು ಪ್ರೋಕ್ಷಿಸಿ ಆಕೆಗೆ ಸದ್ಗತಿಯನ್ನಿತ್ತರೆಂದು ಹಿರಿಯರು ಹೇಳುತ್ತಾರೆ.

ಮುಂದೆ 1671ರಲ್ಲಿ ತುಂಗಭದ್ರಾತೀರದ ಮಂಚಾಲೆಯಲ್ಲಿ ಬೃಂದಾವನ ಪ್ರವೇಶಿಸುವವರೆಗೆ ಐವತ್ತು ವರ್ಷಗಳು ಸಂದವು. ಹೆಸರು, ಉಡುಗೆ, ಊರು ಎಲ್ಲವೂ ಬದಲಾದವು. ಕುಂಭಕೋಣದ ಬಡಮನೆಯಲ್ಲಿ ನಡೆದಿದ್ದ ಶಾಸ್ತ್ರಪಾಠ ಮಾತ್ರ ನಿಲ್ಲಲಿಲ್ಲ.